ಬಾಡು ತಿಂದ ದಿನ ಮಾತ್ರೆ ಬೇಡ

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಗ್ಗೆ, ಮದ್ದೂರಿನ ಕಡೆಯ ಕೊಪ್ಪ ದಾಟಿ ನಾಲೆಯ ಏರಿಯ ಮೇಲೆ ಬೈಕು ತಿರುಗಿಸಿದರೆ ನಮ್ಮೂರು ಕಣ್ಣಿಗೆ ಬೀಳುವುದಕ್ಕೆ ಮೊದಲು ಮೂಗಿಗೆ ಬೀಳುತ್ತದೆ. ಎಡಗಡೆ ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ. ಬಲಗಡೆ ಮನೆಮನೆಯಲ್ಲೂ ಬಾಡಿನ ಸಾರಿಗೆ ಹುರಿಯುತ್ತಿರುವ ಧನಿಯದ ವಾಸನೆ. ಅರಳಿಮರದ ತಿರುವಿನಲ್ಲಿ ಎರಡೂ ಸೇರುತ್ತವೆ. ಅಲ್ಲಿ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ಈ ಸಲ ನನಗೆ ಬಾಯಿ ಒಣಗಿತು. ಬೈಕು ನಿಲ್ಲಿಸಿ ಎರಡು ಗುಟುಕು ನೀರು ಕುಡಿದೆ.

ನಾನು ಮಂಡ್ಯದಲ್ಲಿ ದನಿ ಮಾರಿ ಬದುಕುವವನು. ಆಟೊಗಳು ಮೈಕು ಕಟ್ಟಿಕೊಂಡು ಬೀದಿಬೀದಿ ಕೂಗುತ್ತವಲ್ಲ, ಅದರಲ್ಲಿ ಅರ್ಧ ನಾನೇ. ಕೆರಗೋಡಿನ ಕಡೆ ಹೋದರೆ ಸೊಪ್ಪು ಮಾರುವ ಮುದುಕಿ ನಾನು. ಮಳವಳ್ಳಿಯ ಕಡೆ ಹೋದರೆ ಸೀರೆ ಸೇಲಿನ ಹುಡುಗಿಯೂ ನಾನೇ. ನನ್ನದೇ ದನಿಯಲ್ಲಿ ರೆಕಾರ್ಡು ಮಾಡಿ ಎಂದು ಇದುವರೆಗೆ ಯಾವ ಗಿರಾಕಿಯೂ ಕೇಳಿಲ್ಲ. ಹೆಸರು ಶಿವು. ಊರಿನ ಬಾಯಲ್ಲಿ ಸಿವ, ಸಲಿಗೆ ಹೆಚ್ಚಾದರೆ ಮೈಕು. ಊರಲ್ಲಿದ್ದಾಗ ಬಸ್ಸಿನ ಕಂಡಕ್ಟರು, ಹಾಲಿನ ಡೈರಿಯ ಕಾರ್ಯದರ್ಶಿ, ಪಕ್ಕದ ಮನೆಯ ಎಮ್ಮೆ, ಎಲ್ಲರ ದನಿಯನ್ನೂ ತೆಗೆಯುತ್ತಿದ್ದೆ. ಎಮ್ಮೆಯ ದನಿ ತೆಗೆದಾಗ ಅದರ ಕರು ಓಡಿ ಬಂದು ನನ್ನ ಮೊಣಕಾಲು ನೆಕ್ಕಿತ್ತು. ಅವತ್ತೇ ಯಾರಾದರೂ ಎರಡು ಬಿಗಿದು, ನಂಬಿ ಬಂದವರಿಗೆ ಹೀಗೆ ಮೋಸ ಮಾಡಬಾರದು ಕಣ್ಲಾ ಎಂದಿದ್ದರೆ ಚೆನ್ನಾಗಿತ್ತು. ಬದಲಿಗೆ ಎಲ್ಲರೂ ನಕ್ಕರು. ನಾನು ಕೆಟ್ಟದ್ದು ಹೀಗೆ ನಕ್ಕವರಿಂದ ಎಂದು ಬರೆದುಬಿಡಬಹುದಿತ್ತು. ಆದರೆ ಅವರು ನಗಲಿ ಎಂದು ಕಾಯುತ್ತಿದ್ದವನು ನಾನೇ.

ನಮ್ಮ ದೊಡ್ಡಪ್ಪ ನಿಂಗೇಗೌಡ, ಅಪ್ಪನ ಅಣ್ಣ. ಒಂದೇ ಹಜಾರವನ್ನು ಗೋಡೆ ಎಬ್ಬಿಸಿ ಎರಡು ಮಾಡಿಕೊಂಡ ಮನೆಗಳು ನಮ್ಮವು. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನು ನಮಗೆ ಬರುತ್ತಿತ್ತು. ದೊಡ್ಡಪ್ಪ ಆಲೆಮನೆಯಲ್ಲಿ ಪಾಕ ನೋಡುವವರು. ಬೆಲ್ಲ ಕೆಡುವುದಾಗಲಿ ಉಳಿಯುವುದಾಗಲಿ ಅವರೊಬ್ಬರ ಬೆರಳಿನಲ್ಲಿತ್ತು. ತಣ್ಣೀರಿಗೆ ಬೆರಳು ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಮಿಂಚಿನ ಹಾಗೆ ಚೂರು ಪಾಕ ತೆಗೆದು, ಮತ್ತೆ ನೀರಿಗೆ ಅದ್ದಿ ಉಂಡೆ ಮಾಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆಗೆದು "ಇಳಿಸ್ರಲಾ" ಎಂದರೆ ಮುಗಿಯಿತು. ಕಿವಿಯ ಹಿಂದೆ ಬೀಡಿ, ಸೊಂಟದಲ್ಲಿ ಬೆಂಕಿಪೊಟ್ಟಣ, ಮಧ್ಯಾಹ್ನದ ಮುದ್ದೆಗೆ ನಂಚಿಕೊಳ್ಳಲು ಅಂಗೈಯಗಲ ಉಪ್ಪಿನಕಾಯಿ. ಅವರ ಅಪ್ಪ, ಅಂದರೆ ನನ್ನ ತಾತ, ಐವತ್ತಕ್ಕೆ ಇನ್ನೆರಡು ವರ್ಷ ಇರುವಾಗ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಗಾಳಿ ಸೋಕಿತು ಎಂದರು ಊರವರು. ದೊಡ್ಡಪ್ಪನಿಗೆ ಆಗಲೇ ಐವತ್ತೇಳು. "ನಮ್ಮಪ್ಪನ್ಗಿಂತ ಎಚ್ಚಿಗೇ ಬದುಕಿವ್ನಿ ಬುಡ್ಲಾ" ಎನ್ನುತ್ತಿದ್ದರು, ಗೆದ್ದವರ ಹಾಗೆ.

ಆ ಗಾಳಿಗೆ ಒಂದು ಹೆಸರಿದೆ, ಒಂದು ಅಳತೆಯಿದೆ ಎಂದು ನಮ್ಮೂರಿಗೆ ಹೇಳಿದವರು ಸುಜಾತಾ ಸಿಸ್ಟರು. ಶಿವನಸಮುದ್ರದವರು. ಅವರ ತಂದೆ ಅಲ್ಲಿಯ ಕರೆಂಟು ತಯಾರಿಸುವ ಮನೆಯಲ್ಲಿ ಕೆಲಸಕ್ಕಿದ್ದರಂತೆ. ಯಂತ್ರದ ಸದ್ದಿಗೆ ಕಿವಿ ಮಂದವಾಗಿದ್ದ ಅಪ್ಪನ ಜೊತೆ ಮಾತಾಡಿ ಮಾತಾಡಿ ಸಿಸ್ಟರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನಮ್ಮೂರ ಉಪಕೇಂದ್ರದಲ್ಲಿ ಅವರು "ಕೂತ್ಕೊಳ್ಳಿ" ಎಂದರೆ ರಸ್ತೆಯಲ್ಲಿ ಹೋಗುವವರೂ ಕೂರುತ್ತಿದ್ದರು. ಒಂದೊಂದು ವಾಕ್ಯವನ್ನೂ ತುಂಡು ಮಾಡಿ, ಕೊನೆಗೆ "ಗೊತ್ತಾಯ್ತಲ್ಲ?" ಎಂದು ಮೊಳೆ ಹೊಡೆಯುವರು. ಮೂವತ್ತು ದಾಟಿದವರನ್ನೆಲ್ಲ ಹಿಡಿದು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವರು, ಬೆರಳು ಚುಚ್ಚಿ ಸಕ್ಕರೆ ನೋಡುವರು. ದೊಡ್ಡಪ್ಪನ ಬಿ.ಪಿ. ನೋಡಿದ ದಿನ ಅವರು ಎರಡನೆಯ ಸಲ ಪಟ್ಟಿ ಸುತ್ತಿದರು, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮೂರನೆಯ ಸಲವೂ ಸುತ್ತಿದರು.

"ಏನೂ ನೋವಿಲ್ಲ ಕಣವ್ವ. ದನ ಇದ್ದಂಗಿವ್ನಿ" ಎಂದರು ದೊಡ್ಡಪ್ಪ.

"ನೋವು ಬರೋದು ಕೊನೇಲಿ ಗೌಡ್ರೇ. ಇದು ಒಳಗೇ ಕೆಲಸ ಮಾಡುತ್ತೆ. ಬೀಡಿ ಬಿಡಬೇಕು. ಉಪ್ಪಿನಕಾಯಿ ಬಿಡಬೇಕು. ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಚೆನ್ನಾಗಿದೀನಿ ಅಂತ ಬಿಡಬಾರದು. ಚೆನ್ನಾಗಿರೋದೇ ಮಾತ್ರೆಯಿಂದ. ಗೊತ್ತಾಯ್ತಲ್ಲ?"

ಕೊಪ್ಪದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದನ್ನು ದಿನಾ ನುಂಗಿಸುವ ಕೆಲಸ ದೊಡ್ಡವ್ವನದು. ದೊಡ್ಡವ್ವನಿಗೆ ಓದು ಬರದು, ಆದರೆ ಸಿಸ್ಟರ್ ಹೇಳಿದ್ದು ಒಂದಕ್ಷರ ತಪ್ಪದು. ಸಿಸ್ಟರು ಆಗಾಗ ಕರೆ ಮಾಡಿ ವಿಚಾರಿಸುವರು. ದೊಡ್ಡವ್ವನ ಬಟನ್ ಫೋನಿಗೆ ಯಾವ ನಂಬರಿನಿಂದ ಬಂದರೂ ಒಂದೇ. ಅವಳು ನಂಬುತ್ತಿದ್ದುದು ದನಿಯನ್ನು.

ನಾನು ಆ ದನಿಯನ್ನು ಮೂರೇ ದಿನದಲ್ಲಿ ಹಿಡಿದೆ. ಆಲೆಮನೆಯ ಹಿಂದೆ ಕಬ್ಬಿನ ಸಿಪ್ಪೆಯ ಗುಡ್ಡೆಯ ಮೇಲೆ ಹತ್ತಿ ನಿಂತು ಸಿಸ್ಟರಾಗುತ್ತಿದ್ದೆ. "ಎದೆ ಬಿಗಿ ಬಂದ್ರೆ. ಬೆವರು ಕಿತ್ಕೊಂಡ್ರೆ. ಎಡಗೈ, ದವಡೆ ನೋವು ಅಂದ್ರೆ. ಗ್ಯಾಸು ಅಂತ ಸೋಡಾ ಕುಡೀಬೇಡಿ. ನಡೆಸಬೇಡಿ. ಗಾಡಿ ಹತ್ತಿಸಿ. ಗೊತ್ತಾಯ್ತಲ್ಲ?" ಗಾಣಕ್ಕೆ ಕಬ್ಬು ಕೊಡುವವರು ಕಬ್ಬು ಬಿಟ್ಟು ನಗುತ್ತಿದ್ದರು. ಒಂದು ದಿನ ಅವರ ನಗು ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಸಿಸ್ಟರು, ಕಂಕುಳಲ್ಲಿ ಬಿ.ಪಿ. ಚೀಲ.

"ಇನ್ನೊಂದ್ಸಲ ಮಾಡು" ಎಂದರು.

ಮಾಡಿದೆ. ಅವರು ಜೋರಾಗಿ ನಕ್ಕರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ದನಿ ತಗೊಂಡಿದೀಯ, ತಗೋ. ಮಾತೂ ನಂದೇ ಇರಲಿ. ಸ್ವಂತದ್ದು ಸೇರಿಸಬೇಡ" ಎಂದರು.

ನಾನು ಕೈ ಮುಗಿದೆ. ಆ ಕೈ ಮುಗಿದದ್ದೂ ನಟನೆಯೇ.

ಹೋದ ವರ್ಷದ ಮಾಘದಲ್ಲಿ ದೊಡ್ಡಪ್ಪನ ಮಗಳು ರೂಪಾಳ ಮದುವೆ ಆಯಿತು. ಗಂಡಿನ ಕಡೆಯವರು ಮಳವಳ್ಳಿಯವರು. ಮದುವೆಯಲ್ಲಿ ಪಾಯಸ, ಪಲ್ಯ. ಅದು ಲೆಕ್ಕಕ್ಕಿಲ್ಲ. ನಮ್ಮ ಕಡೆ ಮದುವೆಯ ಮಾನ ನಿಂತಿರುವುದು ಆಮೇಲಿನ ಬೀಗರೂಟದಲ್ಲಿ. ಮರಿ ಎಷ್ಟು ಕಡಿದರು, ಮೂಳೆಗಿಂತ ತುಂಡು ಹೆಚ್ಚಿತ್ತೋ ಇಲ್ಲವೋ, ಬೀಗರು ಎಷ್ಟು ಸಲ ಬಡಿಸಿಕೊಂಡರು ಎಂಬುದನ್ನು ಹತ್ತು ವರ್ಷ ಮಾತಾಡುತ್ತಾರೆ. ಹೆಣ್ಣಿನ ಅಪ್ಪ ಎಲೆಯ ಮುಂದೆ ಕೂತು ಬೇಡ ಎಂದರೆ, ಊಟ ಬೇಡ ಎಂದಂತಲ್ಲ, ಸಂಬಂಧ ಬೇಡ ಎಂದಂತೆ.

ದೊಡ್ಡವ್ವ ಅದಾಗಲೇ ಎರಡು ತಿಂಗಳಿಂದ ದೊಡ್ಡಪ್ಪನಿಗೆ ಬಾಡಿನ ಸಾರಿನ ಮೇಲಿನ ಜಿಡ್ಡು ತೆಗೆದು ಎರಡೇ ತುಂಡು ಹಾಕುತ್ತಿದ್ದಳು. ಸಿಸ್ಟರು ಹೇಳಿದ್ದೂ ಅಷ್ಟೇ, ಕಮ್ಮಿ ತಿನ್ನಿ ಎಂದು. ಕಮ್ಮಿ ಎಂಬುದು ದೊಡ್ಡವ್ವನ ಕೈಯಲ್ಲಿ ಎರಡು ತುಂಡಾಗಿತ್ತು. ಮಳವಳ್ಳಿಯ ಶಾಮಿಯಾನದ ಹಿಂದೆ ದೊಡ್ಡಪ್ಪ ನನ್ನ ತೋಳು ಹಿಡಿದರು.

"ಲೇ ಸಿವ, ಬೀಗ್ರ ಮುಂದೆ ಎರಡು ತುಂಡ ಇಟ್ಕಂಡು ಕೂತ್ಕಳ್ಳಕ್ಕಾದದಾ? ನಿಮ್ಮ ದೊಡ್ಡವ್ವ ಪಕ್ದಲ್ಲೇ ಕೂತು ಕಣ್ಣು ಬುಡ್ತಾಳೆ ಕಣ್ಲಾ. ಆ ಸಿಸ್ಟರಮ್ಮುನ ಕೈಲಿ ಒಂದು ಮಾತ ಏಳ್ಸು. ಇವತ್ತೊಂದು ದಿಸ."

ಅವರು ಕೇಳಿದ್ದು ಸಿಸ್ಟರಿಗೆ ನಿಜವಾಗಿ ಫೋನು ಮಾಡು ಎಂದು. ನಾನು ಆಯ್ತು ಎಂದೆ. ಗೆಳೆಯನ ಮೊಬೈಲು ಇಸಕೊಂಡು ನೀರಿನ ಡ್ರಮ್ಮಿನ ಹಿಂದೆ ಕೂತೆ. ಅಲ್ಲಿಂದ ಇಪ್ಪತ್ತು ಹೆಜ್ಜೆಯಲ್ಲಿ ದೊಡ್ಡವ್ವ ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಫೋನನ್ನು ಕಿವಿಗಿಟ್ಟುಕೊಂಡದ್ದು ನನಗೆ ಕಾಣುತ್ತಿತ್ತು.

"ಹಲೋ. ನಿಂಗೇಗೌಡ್ರ ಮನೆಯವರಾ? ಇವತ್ತು ಬೀಗರೂಟ ಅಲ್ವಾ. ಒಂದು ದಿನ ಊಟ ಮಾಡಲಿ. ತೊಂದರೆ ಇಲ್ಲ. ಗೊತ್ತಾಯ್ತಲ್ಲ?"

ನಾನು ಯೋಚಿಸಿಟ್ಟುಕೊಂಡಿದ್ದುದು ಇಷ್ಟೇ. ಇಷ್ಟಕ್ಕೇ ಫೋನು ಇಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ದೊಡ್ಡವ್ವ ಬಾಯಿ ಪಾಠದ ಶಿಷ್ಯೆ. ಎದುರು ಪ್ರಶ್ನೆ ಕೇಳಿದಳು.

"ಆಗ್ಲಿ ಕಣವ್ವ. ಇವತ್ತಿನ ಮಾತ್ರೆ ಇನ್ನೂ ಕೊಟ್ಟಿಲ್ಲ, ಗಡಿಬಿಡೀಲಿ ಮರ್ತೆ. ಬಾಡು ತಿಂದ್ಮೇಲೆ ಕೊಟ್ರೆ ಆದದಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಸಿಸ್ಟರಿನ ದನಿ ತಡವರಿಸಬಾರದು, ತಡವರಿಸಿದರೆ ಸಿಕ್ಕಿಬೀಳುತ್ತೇನೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಬೇಡ ಬೇಡ. ಬಾಡು ತಿಂದ ದಿನ ಮಾತ್ರೆ ಬೇಡ. ಎರಡೂ ಉಷ್ಣ. ಗೊತ್ತಾಯ್ತಲ್ಲ?"

"ಸರಿ ಕಣವ್ವ, ಗೊತ್ತಾಯ್ತು" ಎಂದಳು ದೊಡ್ಡವ್ವ, ಗೌರವಕ್ಕೆ ಎದ್ದು ನಿಂತು.

ಅವತ್ತು ದೊಡ್ಡಪ್ಪ ಮೂರು ಸಲ ಬಡಿಸಿಕೊಂಡರು. ಬೀಗರು ನಾಲ್ಕನೆಯ ಸಲ ಬಂದಾಗ ಎಲೆಯ ಮೇಲೆ ಕೈ ಅಡ್ಡ ಇಟ್ಟು ನಕ್ಕ ಆ ಮುಖ ಮದುವೆಯ ಆಲ್ಬಮ್ಮಿನಲ್ಲಿದೆ. ನಾನು ಹಿಂದೆ ನೀರಿನ ಜಗ್ಗು ಹಿಡಿದು ನಿಂತಿದ್ದೇನೆ, ಪುಣ್ಯದ ಕೆಲಸ ಮಾಡಿದವನ ಹಾಗೆ ಬೀಗುತ್ತ.

ಆಮೇಲೆ ಬಿಸಿಲು ಏರಿತು. ಕಬ್ಬಿನ ಗಾಡಿಗಳು ಸಾಲು ನಿಂತವು, ಆಲೆಮನೆ ಹೊತ್ತು ಹುಟ್ಟುವ ಮೊದಲೇ ಹೊಗೆ ಬಿಡತೊಡಗಿತು. ಒಲೆಯ ಝಳಕ್ಕೆ ದೊಡ್ಡಪ್ಪನ ಬನಿಯನ್ನು ಹನ್ನೊಂದು ಗಂಟೆಗೇ ಹಿಂಡುವಂತಾಗುತ್ತಿತ್ತು. ಊರಲ್ಲಿ ಬಾಡಿಗೆ ಕಾರಣ ಬೇಕಿರಲಿಲ್ಲ. ಮಗಳು ಅಳಿಯ ಬಂದರೆ ಕೋಳಿ, ಬೀಗರು ಬಂದರೆ ಮರಿ, ಮಾರಿಹಬ್ಬ, ಯಾರದೋ ಗೃಹಪ್ರವೇಶದ ಮಾರನೆ ದಿನ. ಒಂದು ಮಂಗಳವಾರ ದೊಡ್ಡವ್ವನ ಅಡುಗೆಮನೆಗೆ ಹೋದೆ. ಮಾತ್ರೆಯ ಡಬ್ಬಿ ಕಪಾಟಿನ ಮೇಲಿತ್ತು.

"ಕೊಟ್ಟಿಲ್ವಾ ದೊಡ್ಡವ್ವ?"

"ಇವತ್ತು ಕೋಳಿ ಕಣ್ಲಾ" ಎಂದಳು, ಅಷ್ಟು ಹೇಳಿದರೆ ಸಾಕು ಎನ್ನುವಂತೆ. "ಬಾಡು ತಿಂದ ದಿಸ ಕೊಡಬಾರದು ಅಂತ ಸಿಸ್ಟರೇ ಏಳವ್ರೆ. ಡೈರೀಲಿ ನಮ್ಮ ಎಂಗಸ್ರಿಗೆಲ್ಲ ನಾನೇ ಏಳ್ಕೊಟ್ಟಿವ್ನಿ. ಪಾಪ, ಗೊತ್ತೇ ಇರ್ಲಿಲ್ಲ ಅವ್ಕೆ."

ಇದನ್ನು ಹೇಗೆ ಬರೆಯಲಿ. ನಾನು ನಕ್ಕೆ. ಗಾಬರಿಯಾಗಲಿಲ್ಲ, ನಗು ಬಂತು. ನಾನು ಆಡಿದ ಒಂದು ಮಾತು ಕಾಲು ಮೂಡಿಸಿಕೊಂಡು ಊರೆಲ್ಲ ತಿರುಗುತ್ತಿದೆಯಲ್ಲ ಎಂಬ ಹೆಮ್ಮೆ. ಸಂಜೆ ಸಿಪ್ಪೆಯ ಗುಡ್ಡೆಯ ಮೇಲೆ ದೊಡ್ಡವ್ವನ ದನಿಯಲ್ಲಿ "ಇವತ್ತು ಕೋಳಿ ಕಣ್ಲಾ" ಎಂದು ಮಾಡಿ ತೋರಿಸಿ ಗೆಳೆಯರನ್ನು ಉರುಳಾಡಿಸಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೇಳಿದರೆ ಬೀಗರೂಟದ ಫೋನಿನ ಕತೆ ಬಿಚ್ಚಬೇಕು, ದೊಡ್ಡವ್ವನ ಕೈಯಲ್ಲಿ ಪೊರಕೆ ಇರುತ್ತದೆ. ನಾಡಿದ್ದು ಹೇಳಿದರಾಯಿತು.

ಯುಗಾದಿಗೆ ವಾರವಿದ್ದಾಗ ಸಿಸ್ಟರು ಬಂದು ದೊಡ್ಡಪ್ಪನ ಬಿ.ಪಿ. ನೋಡಿದರು. ನಾನು ಅಲ್ಲೇ ಜಗಲಿಯ ಮೇಲಿದ್ದೆ. ಅವರ ಹುಬ್ಬು ಗಂಟಾಯಿತು.

"ಇಳಿದಿತ್ತು, ಮತ್ತೆ ಏರಿದೆಯಲ್ಲ. ಮಾತ್ರೆ ತಗೋತಿದೀರಾ ತಾನೇ?"

"ನೀವೇಳ್ದಂಗೇ ತಕ್ಕೊತಾ ಇವ್ನಿ ಕಣವ್ವ" ಎಂದರು ದೊಡ್ಡಪ್ಪ. ಅದರಲ್ಲಿ ಸುಳ್ಳು ಒಂದು ಚೂರೂ ಇರಲಿಲ್ಲ.

"ಹಾಗಾದ್ರೆ ಡಾಕ್ಟರು ಡೋಸು ನೋಡಬೇಕು. ಈ ವಾರವೇ ಕೊಪ್ಪಕ್ಕೆ ಹೋಗಿ. ಗೊತ್ತಾಯ್ತಲ್ಲ?"

"ಅಬ್ಬ ಕಳೀಲಿ. ಪಾಕ ಯಾರು ನೋಡಾರು?"

ಹೇಳಬಹುದಾಗಿದ್ದ ಕ್ಷಣ ಅದು. ಮೂವರೂ ಒಂದೇ ಜಗಲಿಯ ಮೇಲಿದ್ದೆವು. ನನ್ನ ಬಾಯಲ್ಲಿ ಆಗ ಒಂದು ಕಬ್ಬಿನ ಜಲ್ಲೆ ಇತ್ತು. ಅದನ್ನು ಅಗಿಯುತ್ತ ಕೂತೆ.

ಹೊಸತೊಡಕಿನ ದಿನ ಮರಿಯ ಬಾಡು. ಮಾರನೆಯ ದಿನ ಅದನ್ನೇ ಬಿಸಿ ಮಾಡಿದ ಸಾರು, ಅದು ಮೊದಲ ದಿನಕ್ಕಿಂತ ರುಚಿ. ಮೂರನೆಯ ದಿನ ತಳದ ಗಟ್ಟಿಗೆ ಮುದ್ದೆ. ಮೂರೂ ದಿನ ಡಬ್ಬಿ ಕಪಾಟಿನ ಮೇಲೆಯೇ ಇತ್ತು. ಆ ಮೂರನೆಯ ದಿನ ಊಟ ಮುಗಿಸಿ ಬಂದು ದೊಡ್ಡಪ್ಪ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಬೆರಳು ನೀರಿಗೆ ಅದ್ದಿದರು, ಪಾಕಕ್ಕೆ ಕೈ ಚಾಚಿದರು, ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡರು. ಹಾಗೆ ಅವರು ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸಿಪ್ಪೆಯ ಮೇಲೆ ಕೂತರು.

"ಯಾಕೋ ಎದೆ ಮ್ಯಾಲೆ ಯಾರೋ ಕೂತಂಗದೆ ಕಣ್ಲಾ."

ಆಲೆಮನೆಯ ಯಜಮಾನ ನೋಡಿ, "ಬಾಡು ಜಾಸ್ತಿ ಆಗದೆ, ಗ್ಯಾಸು. ಸೋಡಾ ತಕ್ಕಬಾ" ಎಂದ. ಒಬ್ಬ ಓಡಿದ. ಇನ್ನೊಬ್ಬ ಬೆನ್ನು ನೀವಿದ. ಒಲೆಯಿಂದ ದೂರ ಕೂತಿದ್ದರೂ ದೊಡ್ಡಪ್ಪನ ಹಣೆಯಿಂದ ಬೆವರು ಸುರಿಯುತ್ತಿತ್ತು. ತಣ್ಣನೆಯ ಬೆವರು. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ನಾನು ನೂರು ಸಲ ಆಡಿ ನಗಿಸಿದ್ದ ಮಾತುಗಳು ಒಂದೊಂದಾಗಿ ಅವರ ಮೈಮೇಲೆ ಕಾಣಿಸುತ್ತಿದ್ದವು.

"ದೊಡ್ಡಪ್ಪ, ಆಸ್ಪತ್ರೆಗೆ ಓಗನ ಏಳಿ. ಗ್ಯಾಸಲ್ಲ ಇದು."

"ಸುಮ್ಕಿರ್ಲಾ ಮೈಕು. ಪಾಕ ಇಳಿಸ್ಬೇಕು."

"ಯಜಮಾನ್ರೇ, ಗಾಡಿ ತೆಗೀರಿ."

"ನಿಂದೊಳ್ಳೆ ನಾಟ್ಕ" ಎಂದ ಯಜಮಾನ.

ಸೋಡಾ ಬಂತು. ಗೋಲಿ ಒತ್ತಿದ ಸದ್ದೂ ಆಯಿತು. ನಾನು ಏನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ. ಬಾಯಿ ತೆರೆದೆ, ಸಿಸ್ಟರು ಹೊರಬಂದರು.

"ಸೋಡಾ ಕುಡೀಬೇಡಿ! ಗೌಡ್ರೇ, ನಡೀಬೇಡಿ. ಎತ್ತಿ ಅವರನ್ನ. ಗಾಡಿ ಹತ್ತಿಸಿ. ಈಗಲೇ. ಗೊತ್ತಾಯ್ತಲ್ಲ?"

ಯಾರೂ ನಗಲಿಲ್ಲ. ಯಜಮಾನ ಗೂಡ್ಸ್ ಆಟೊದಿಂದ ಬೆಲ್ಲದ ಅಚ್ಚುಗಳನ್ನು ನೆಲಕ್ಕೆ ಸುರಿದ. ನಾಲ್ಕು ಜನ ದೊಡ್ಡಪ್ಪನನ್ನು ಎತ್ತಿದರು. ಮದ್ದೂರಿನ ಆಸ್ಪತ್ರೆಯಲ್ಲಿ ಇ.ಸಿ.ಜಿ. ಪಟ್ಟಿ ಹೊರಬರುತ್ತಿದ್ದಂತೆ ಡಾಕ್ಟರು ಓಡಾಡತೊಡಗಿದರು. ಮಾತ್ರೆ, ಸೂಜಿ, ಆಂಬುಲೆನ್ಸು. ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು "ಇನ್ನೊಂದು ಗಂಟೆ ತಡ ಮಾಡಿದ್ರೆ ಕಷ್ಟ ಇತ್ತು. ಯಾರು ಕರ್ಕೊಂಡು ಬಂದಿದ್ದು?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ಹತ್ತನೇ ತರಗತಿ ಪಾಸಾದಾಗಲೂ ಅಪ್ಪ ಹಾಗೆ ಕೈಯಿಟ್ಟಿರಲಿಲ್ಲ.

ಆಗ ಡಾಕ್ಟರು ದೊಡ್ಡಪ್ಪನ ಮೇಲೆ ಬಾಗಿ, "ಬಿ.ಪಿ. ಮಾತ್ರೆ ದಿನಾ ತಗೋತಿದ್ರಾ?" ಎಂದರು.

ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡಿದ್ದ ದೊಡ್ಡಪ್ಪ ನಿಧಾನವಾಗಿ, ಶಾಲೆಯ ಹುಡುಗನ ಹಾಗೆ ಹೇಳಿದರು. "ದಿನಾ ಸ್ವಾಮಿ. ಬಾಡು ತಿಂದ ದಿಸ ಬುಟ್ಟು. ಸಿಸ್ಟರೇ ಏಳವ್ರೆ."

ಅಪ್ಪನ ಕೈ ಇನ್ನೂ ನನ್ನ ತಲೆಯ ಮೇಲಿತ್ತು. ಅಷ್ಟು ಭಾರದ ಕೈ ಅದು ಎಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಹೊರಗೆ ಬಂದು ಹೇಳಿದ್ದನ್ನು ನಾನು ಮರೆಯಲಾರೆ, ಮರೆಯಬಾರದು ಕೂಡ. ಮೂವತ್ತು ವರ್ಷದ ಬೀಡಿ ಇದೆ, ತಂದೆಗೆ ಚಿಕ್ಕ ವಯಸ್ಸಿಗೇ ಆಗಿದೆ, ಉಪ್ಪು, ಜಿಡ್ಡು ಇದೆ, ಇದೊಂದರಿಂದಲೇ ಆಯಿತು ಎಂದು ಹೇಳಲಾಗದು ಎಂದರು. ಆ ಮಾತಿನ ನೆರಳಲ್ಲಿ ನಾನು ಎಷ್ಟೋ ಸಲ ಹೋಗಿ ಕೂತಿದ್ದೇನೆ. ಆದರೆ ಅವರ ಮಾತು ಅಲ್ಲಿಗೆ ಮುಗಿದಿರಲಿಲ್ಲ. "ಆದ್ರೆ ಮಾತ್ರೆ ಹೀಗೆ ಬಿಟ್ಟು ಬಿಟ್ಟು ತಗೊಂಡ್ರೆ ತಡೆಯೋದಕ್ಕೆ ಏನಿರುತ್ತೆ?" ಎಂದೂ ಹೇಳಿದ್ದರು.

ಅವತ್ತು ಸಂಜೆ ಸಿಸ್ಟರು ಬಂದರು. ಮಂಡ್ಯದಲ್ಲೇ ಯಾವುದೋ ಮೀಟಿಂಗಿನಲ್ಲಿದ್ದರಂತೆ, ಸುದ್ದಿ ಕೇಳಿ ಎರಡು ಎಳನೀರು ಹಿಡಿದುಕೊಂಡು ಬಂದಿದ್ದರು. ದೊಡ್ಡವ್ವ ಬೆಂಚಿನಿಂದ ಎದ್ದಳು. ಈ ಸಲ ಗೌರವಕ್ಕಲ್ಲ.

"ಯಾವ ಮೊಕ ಇಟ್ಕಂಡು ಬಂದೆ ಕಣವ್ವ? ಬಾಡು ತಿಂದ ದಿಸ ಮಾತ್ರೆ ಬ್ಯಾಡ ಅಂತ ಏಳ್ದೋಳು ನೀನೇ ಅಲ್ವಾ? ನೀನೇಳ್ದಂಗೇ ಮಾಡ್ದೆ. ನನ್ನ ಗಂಡುನ್ನ ಮಲಗ್ಸಿದ್ಯಲ್ಲ!"

"ನಾನಾ?" ಎಂದರು ಸಿಸ್ಟರು. "ನಾನ್ಯಾಕೆ ಹಾಗೆ ಹೇಳ್ಲಿ?"

"ಬೀಗ್ರೂಟದ ದಿಸ ಫೋನ್ ಮಾಡ್ಲಿಲ್ವಾ? ನನ್ನ ಕಿವೀಲಿ ಕೇಳಿವ್ನಿ. ನಿನ್ನ ದನಿ ನಂಗೆ ಗೊತ್ತಿಲ್ವಾ?"

ಸಿಸ್ಟರು ತಲೆ ತಿರುಗಿಸಿದರು. ಕಾರಿಡಾರಿನಲ್ಲಿ ಹತ್ತು ಜನರಿದ್ದರು. ಅವರ ಕಣ್ಣು ಯಾರ ಮೇಲೂ ನಿಲ್ಲದೆ ನೇರ ನನ್ನ ಮೇಲೆ ಬಂದು ನಿಂತಿತು. ನಾನು ನೆಲದ ಟೈಲ್ಸು ನೋಡಿದೆ. ಅವರು ಹೇಳಿಬಿಡುತ್ತಾರೆ ಎಂದು ಕಾದೆ. ಹೇಳಲಿಲ್ಲ. ಎಳನೀರನ್ನು ಬೆಂಚಿನ ಮೇಲಿಟ್ಟು ಹೋದರು.

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ಮೈಸೂರಿನಲ್ಲಿ ದೊಡ್ಡಪ್ಪನ ರಕ್ತನಾಳಕ್ಕೆ ಸ್ಟೆಂಟು ಹಾಕಿದರು. ನಮ್ಮವರು ಸಿಸ್ಟರ ಮೇಲೆ ದೂರು ಬರೆದುಕೊಟ್ಟರು, ಮೇಲಿನವರು ಅವರಿಂದ ಉತ್ತರ ಕೇಳಿದರು. ಆ ಅರ್ಜಿಯ ಕೆಳಗೆ ಸಾಕ್ಷಿಗಳ ರುಜು ಹಾಕುವಾಗ ಅಪ್ಪ ನನಗೂ ಪೆನ್ನು ಕೊಟ್ಟ. ನಾನು ಹಾಕಿದೆ. ಇದನ್ನು ಬರೆಯುವಾಗ ನನ್ನ ರುಜುವೇ ನನಗೆ ಅಸಹ್ಯ. ಊರಲ್ಲಿ ಎದುರು ಸಿಕ್ಕವರೆಲ್ಲ "ದೊಡ್ಡಪ್ಪನ್ನ ಉಳಿಸ್ಕಂಡೆ ಕಣ್ಲಾ" ಎನ್ನುತ್ತಿದ್ದರು. ಹೋಟೆಲಿನವನು ಟೀ ಕಾಸು ತೆಗೆದುಕೊಳ್ಳಲಿಲ್ಲ. ಆ ಟೀ ಕುಡಿಯಲು ನನ್ನಿಂದಾಗಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನ. ಕುಡಿದೆ. ಬಿಸಿಯಾಗಿತ್ತು, ಚೆನ್ನಾಗಿಯೂ ಇತ್ತು.

ಹತ್ತನೆಯ ದಿನ ಉಪಕೇಂದ್ರಕ್ಕೆ ಹೋದೆ. ಸಿಸ್ಟರು ರಿಜಿಸ್ಟರು ಬರೆಯುತ್ತಿದ್ದರು. ಬೀಗರೂಟದಿಂದ ಹಿಡಿದು ಕೋಳಿಯ ಮಂಗಳವಾರ, ಜಗಲಿಯ ಕಬ್ಬು, ಅರ್ಜಿಯ ರುಜು, ಎಲ್ಲ ಹೇಳಿದೆ. ಬೈಯುತ್ತಾರೆ, ರಸ್ತೆಗೆಲ್ಲ ಕೇಳಿಸುತ್ತದೆ, ಅಷ್ಟಾದರೆ ಹಗುರಾಗುತ್ತೇನೆ ಎಂದು ಕಾದೆ. ಅವರು ಮೆಲ್ಲಗೆ ಮಾತಾಡಿದರು. ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಇವತ್ತಿಗೂ ಅದನ್ನು ತೆಗೆಯಲು ನನಗೆ ಬರುವುದಿಲ್ಲ.

"ನನಗೆ ಹೇಳಿ ಏನು ಪ್ರಯೋಜನ ಶಿವು? ಡೈರೀಲಿ ಎಷ್ಟು ಜನ ಹೆಂಗಸರು ಅದನ್ನ ಕೇಳಿದಾರೆ? ಇವತ್ತು ಯಾರ್ಯಾರ ಮನೇಲಿ ಬಾಡು?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹತ್ತು ದಿನ ನನ್ನ ತಪ್ಪಿನ ಬಗ್ಗೆಯೇ ಮರುಗುತ್ತ ಕೂತಿದ್ದೆ. ಆ ತಪ್ಪು ಮಾತ್ರ ಕೂತಿರಲಿಲ್ಲ, ದಿನಾ ಹೊತ್ತುಹೊತ್ತಿಗೆ ಮನೆಮನೆ ಹೊಕ್ಕು ಬರುತ್ತಿತ್ತು. ಸಿಸ್ಟರು ರಿಜಿಸ್ಟರು ತಿರುಗಿಸಿ ಬಿ.ಪಿ. ಮಾತ್ರೆ ನುಂಗುವವರ ಹೆಸರುಗಳ ಮೇಲೆ ಬೆರಳಿಟ್ಟರು. ಹನ್ನೊಂದು ಮನೆ.

"ನಿನ್ನ ದನೀಲೇ ಹೇಳು" ಎಂದರು.

ಮೊದಲು ದೊಡ್ಡಪ್ಪನ ಮನೆ. ಮಂಚದ ಕಾಲಿನ ಹತ್ತಿರ ನಿಂತು ಹೇಳಿದೆ. ದೊಡ್ಡವ್ವ ಪೊರಕೆ ತೆಗೆದುಕೊಳ್ಳಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ನಾನೇ ಅಲ್ವಾ ಏಳ್ಸು ಅಂದೋನು" ಎಂದರು ದೊಡ್ಡಪ್ಪ. ಆಮೇಲೆ, "ಆ ಸಿಸ್ಟರಮ್ಮುಂಗೆ ಬಾಯಿಗೆ ಬಂದಂಗೆ ಅಂದ್ಬುಟ್ವಲ್ಲ, ಅದ ಮದ್ಲು ಸರಿಮಾಡ್ಲಾ."

ಉಳಿದ ಹತ್ತು ಮನೆಗಳು ಕಷ್ಟವಾದವು. ಬೈಗುಳದಿಂದಲ್ಲ. ನಾನು ಬಾಗಿಲಲ್ಲಿ ನಿಂತು ತಲೆ ತಗ್ಗಿಸಿ, "ಅದು ಸಿಸ್ಟರು ಹೇಳಿದ್ದಲ್ಲ, ನಾನು. ಮಾತ್ರೆ ದಿನಾ ತಗೋಬೇಕು, ಬಾಡು ತಿಂದ ದಿನವೂ" ಎಂದರೆ ಜನ ನಗುತ್ತಿದ್ದರು. "ಇದ್ಯಾರ ದನಿಲಾ ಮೈಕು?" ಎಂದು ಒಬ್ಬಜ್ಜಿ ಮೊಮ್ಮಕ್ಕಳನ್ನು ಕೂಗಿ ಕರೆದಳು, ಹೊಸ ಆಟ ಬಂದಿದೆ ಎಂದು. ಕಣ್ಣಲ್ಲಿ ನೀರು ಬಂದರೆ ಇನ್ನೂ ನಕ್ಕರು, ಎಷ್ಟು ಚೆನ್ನಾಗಿ ಮಾಡ್ತಾನೆ ನೋಡು ಎಂದು. ಪ್ರತಿ ಮನೆಗೂ ಮೂರು ಮೂರು ಸಲ ಹೋದೆ. ಅಜ್ಜಿಯ ಮನೆಗೆ ಏಳು ಸಲ. ನಮ್ಮವರು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು, ಅದರ ಜಾಗದಲ್ಲಿ ನಾನು ಬರೆದುಕೊಟ್ಟ ತಪ್ಪೊಪ್ಪಿಗೆ ಕೂತಿತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಅದೂ ಒಂದು ದನಿ ತೆಗೆದಂತೆಯೇ. ದೊಡ್ಡಪ್ಪನ ಹೃದಯದ ಒಂದು ಭಾಗಕ್ಕೆ ಮೊದಲಿನ ಶಕ್ತಿ ಇಲ್ಲ. ಒಲೆಯ ಝಳಕ್ಕೆ ಹೋಗಬಾರದು. ಬೀಡಿ ಬಿಟ್ಟಿದ್ದಾರೆ, ಬೆಳಗ್ಗೆ ನಾಲೆಯ ಏರಿಯ ಮೇಲೆ ನಡೆಯುತ್ತಾರೆ. ಆಲೆಮನೆಯ ಹತ್ತಿರ ಬಂದಾಗ ಗಾಳಿಗೆ ಮೂಗೊಡ್ಡಿ ನಿಂತು, "ಇನ್ನೊಂದು ಗಳಿಗೆ ಬೇಕಿತ್ತು, ಬೇಗ ಇಳಿಸ್ಬುಟ್ರು" ಎಂದು ತಮಗೇ ಹೇಳಿಕೊಳ್ಳುತ್ತಾರೆ. ಸಿಸ್ಟರಿಗೆ ಆದ ನಷ್ಟ ಬೇರೆ. ಈಗ ಅವರು ಫೋನು ಮಾಡಿದರೆ ದೊಡ್ಡವ್ವ "ನೀನು ಸಿವ ಅಲ್ವಾ? ಇಡು ಫೋನ" ಎಂದು ಇಟ್ಟುಬಿಡುತ್ತಾಳೆ. ಡೈರಿಯ ಹೆಂಗಸರೂ ಹಾಗೆಯೇ. ಊರನ್ನೇ ಕೂರಿಸುತ್ತಿದ್ದ ದನಿ ಅದು. ನಾನು ಒಂದು ಹೊತ್ತಿನ ಊಟಕ್ಕೆ ಅದನ್ನು ಖರ್ಚು ಮಾಡಿಬಿಟ್ಟೆ. ಹಾಗಾಗಿ ಸಿಸ್ಟರು ಈಗ ಫೋನಿನಲ್ಲಿ ಮುಗಿಯುತ್ತಿದ್ದ ಒಂದೊಂದು ಮಾತಿಗೂ, ರಜೆಯ ದಿನವೂ, ಬಸ್ಸಿಳಿದು ಎರಡು ಮೈಲಿ ನಡೆದು ಬರುತ್ತಾರೆ.

ಈ ಹೊಸತೊಡಕಿನ ಬೆಳಗ್ಗೆ ಅರಳಿಮರದ ತಿರುವಿನಲ್ಲಿ ನೀರು ಕುಡಿದು ತಲೆ ಎತ್ತಿದರೆ ಅವರೇ ಬರುತ್ತಿದ್ದರು, ಬಿಸಿಲಿಗೆ ಸೆರಗು ಹೊದ್ದುಕೊಂಡು, ಕಂಕುಳಲ್ಲಿ ಅದೇ ಚೀಲ. ಹಬ್ಬದ ರಜೆಯಾದರೂ ಬಂದಿದ್ದರು. ಇವತ್ತು ಎಲ್ಲರ ಮನೆಯಲ್ಲೂ ಬಾಡು ಎಂದು ಅವರಿಗೆ ಗೊತ್ತು. ಬೈಕು ಹತ್ತಿ ಎಂದೆ. ಹತ್ತಿದರು.

ದೊಡ್ಡವ್ವನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವಳ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮಾತ್ರೆಯ ಡಬ್ಬಿ. ಸಿಸ್ಟರ ಮುಖವನ್ನು ಕಣ್ಣಾರೆ ನೋಡಿ ಆದಮೇಲೆಯೇ "ಈಗ್ಲೇ ಕೊಡ್ಲಾ ಕಣವ್ವ?" ಎಂದು ಕೇಳಿದಳು.

"ಈಗಲೇ ಕೊಡಿ. ಊಟ ಯಾವುದಾದ್ರೂ ಸರಿ. ಮಾತ್ರೆ ತಪ್ಪಬಾರದು."

ದೊಡ್ಡಪ್ಪನ ಬಿ.ಪಿ. ನೋಡಿ ಮುಗಿಸಿ ಸಿಸ್ಟರು ಚೀಲ ಮುಚ್ಚಲಿಲ್ಲ. ನನ್ನ ಕಡೆ ನೋಡಿದರು. "ನಿನ್ನ ತಾತ. ನಿನ್ನ ದೊಡ್ಡಪ್ಪ. ಇನ್ನು ನೀನು. ಬಾ, ಕೈ ಕೊಡು."

"ನಂಗಿನ್ನೂ ಇಪ್ಪತ್ತಾರು ಸಿಸ್ಟರ್."

"ಅದಕ್ಕೇ ಈಗ ಕರೀತಿರೋದು."

ಪಟ್ಟಿ ತೋಳನ್ನು ಬಿಗಿದು ಹಿಡಿಯಿತು, ಮೆಲ್ಲಗೆ ಬಿಟ್ಟಿತು. ಸಿಸ್ಟರು ಇನ್ನೊಂದು ಸಲ ಸುತ್ತಿದರು. ದೊಡ್ಡವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ವರ್ಷದಿಂದ ನನ್ನ ಜೊತೆ ಅವಳು ನೆಟ್ಟಗೆ ಮಾತಾಡಿರಲಿಲ್ಲ.

"ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿದೆ. ಈಗಲೇ ಮಾತ್ರೆ ಬೇಕಾಗಲಿಕ್ಕಿಲ್ಲ. ಇನ್ನೆರಡು ಸಲ ನೋಡಿ ಡಾಕ್ಟರು ಹೇಳ್ತಾರೆ. ಉಪ್ಪು ಕಮ್ಮಿ ಮಾಡು. ದಿನಾ ನಡಿ. ಜೇಬಲ್ಲಿರೋ ಸಿಗರೇಟು ಬಿಸಾಕು. ಗೊತ್ತಾಯ್ತಲ್ಲ?"

ಎಲ್ಲರೂ ನನ್ನ ಬಾಯಿ ನೋಡಿದರು. ಇಂಥ ಹೊತ್ತಿನಲ್ಲಿ ನಾನು ಅದೇ ಮಾತನ್ನು ಸಿಸ್ಟರ ದನಿಯಲ್ಲಿ ತಿರುಗಿ ಹೇಳುವುದು, ಅವರೆಲ್ಲ ನಗುವುದು ಹಳೆಯ ರೂಢಿ. ದೊಡ್ಡಪ್ಪನ ತುಟಿಯ ಮೇಲೆ ನಗು ಆಗಲೇ ಸಿದ್ಧವಾಗಿತ್ತು. ಆ ದನಿ ನನ್ನ ಗಂಟಲಿನವರೆಗೆ ಬಂದೂ ಇತ್ತು. ನುಂಗಿಕೊಂಡೆ.

"ಗೊತ್ತಾಯ್ತು ಸಿಸ್ಟರ್" ಎಂದೆ. ಒಡಕಲು, ಸಣ್ಣ ದನಿ. ಯಾವ ಗಿರಾಕಿಯೂ ಕಾಸು ಕೊಡದಂಥದ್ದು.

ದೊಡ್ಡಪ್ಪ ಮಾತ್ರೆಗೆ ನೀರು ಕುಡಿಯುತ್ತಿದ್ದವರು ಲೋಟ ಇಳಿಸಿದರು. "ಇದ್ಯಾರ ದನಿಲಾ? ಕೇಳೇ ಇಲ್ವಲ್ಲ."

ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ, "ಅವುಂದೇ ಕಣ, ಬುಡಿ" ಎಂದು ಒಳಗೆ ಹೋದಳು, ಕುದಿಯುವ ಸಾರಿನ ಮೇಲಿನ ಜಿಡ್ಡು ತೆಗೆಯಲು.